ಪ್ರಶ್ನೋತ್ತರ: ‘ಮೆಸೇಜ್’ ಎಲ್ಲಿ ಹೋಯ್ತು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಜಾಗದಲ್ಲಿ ಸುತ್ತುತ್ತಿದ್ದವು. ಪೈಥಾನ್‌ನಲ್ಲಿ ಎಕ್ಸೆಪ್ಶನ್ (ಏನೋ ತಪ್ಪಾಗಿದೆ ಅಂತ ಸಾರುವ ಆಬ್ಜೆಕ್ಟ್) ಎಸೆಯುವಾಗ ಅದರೊಳಗೆ ಒಂದಿಷ್ಟು ಮಾಹಿತಿ ತುಂಬಿಸುತ್ತೇವೆ, ಹಿಡಿದವರು ಅದನ್ನು ಹೊರಗೆ ತೆಗೆಯುವುದು ಹೇಗೆ ಅನ್ನೋದೇ ಎಲ್ಲರ ತಲೆನೋವು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ತಳ್ಳಿ, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಸರ್, ಪೈಥಾನ್ 2ರ ಕಾಲದ ಒಂದು ಹಳೇ ಪ್ರೋಗ್ರಾಮನ್ನು 3ಕ್ಕೆ ತರುವ ಕೆಲಸ ನನ್ನ ತಲೆಗೆ ಬಿತ್ತು. ಪ್ರಿಂಟ್‌ಗಳಿಗೆಲ್ಲ ಬ್ರಾಕೆಟ್ ಹಾಕಿದೆ, ಟೆಸ್ಟ್ ಎಲ್ಲ ಪಾಸ್ ಆದವು. ಒಂದು ವಾರ ಕಳೆದ ಮೇಲೆ, ಎರರ್ ಹಿಡಿಯುವ ಜಾಗದಲ್ಲೇ ಇನ್ನೊಂದು ಎರರ್ ಬಂತು. ಎಕ್ಸೆಪ್ಶನ್‌ಗೆ ‘ಮೆಸೇಜ್’ ಅನ್ನೋ ಆಟ್ರಿಬ್ಯೂಟೇ (ಆಬ್ಜೆಕ್ಟ್ ಒಳಗೆ ಹೆಸರಿಟ್ಟ ಮಾಹಿತಿ) ಇಲ್ಲವಂತೆ. ಇದ್ದದ್ದನ್ನು ಯಾಕೆ ತೆಗೆದರು? ಈಗ ಏನು ಬರೆಯಬೇಕು?

ಉತ್ತರ: ಮೊದಲು ಏನು ಬರೆಯಬೇಕು ಅಂತ ಹೇಳಿಬಿಡುತ್ತೇನೆ, ಕಥೆ ಆಮೇಲೆ. ಮನುಷ್ಯರು ಓದಲಿಕ್ಕಾದರೆ ಎಕ್ಸೆಪ್ಶನ್ ಅನ್ನು ‘ಸ್ಟ್ರ್’ ಮಾಡಿ, ಅಂದರೆ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿ, ಸಾಕು. ನಿಮ್ಮ ಹಳೇ ಕೋಡ್ ಅದರೊಳಗಿನ ಮೊದಲ ಆರ್ಗ್ಯುಮೆಂಟನ್ನೇ ಬಯಸುತ್ತಿದ್ದರೆ ‘ಇ.ಆರ್ಗ್ಸ್’ (‘ಇ’ ಅಂದರೆ ಹಿಡಿದ ಎಕ್ಸೆಪ್ಶನ್‌ಗೆ ಇಟ್ಟ ಹೆಸರು, ಟಪಲ್ ಅಂದರೆ ಕ್ರಮವಾಗಿ ಜೋಡಿಸಿದ ಬೆಲೆಗಳು) ಅನ್ನೋ ಟಪಲ್‌ನ ಸೊನ್ನೆಯನೇ ಸ್ಥಾನ ನೋಡಿ. ಆದರೆ ಆ ಟಪಲ್ ಖಾಲಿ ಇರಬಹುದು, ಅದನ್ನು ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಎರರ್ ಹಿಡಿಯುವ ಜಾಗದಲ್ಲೇ ಮತ್ತೆ ಎರರ್.

ಈಗ ಕಥೆ. ಇದು ಸ್ವಲ್ಪ ತಮಾಷೆಯಾಗಿದೆ. ‘ಮೆಸೇಜ್’ ಪೈಥಾನ್‌ನಲ್ಲಿ ಮೊದಲಿನಿಂದ ಇದ್ದದ್ದಲ್ಲ. 2006ರಲ್ಲಿ 2.5 ಬಂದಾಗ ಸೇರಿಸಿದ್ದು. ಅದಕ್ಕೂ ಮುಂಚೆಯಿಂದ ಇದ್ದದ್ದು ಆರ್ಗ್ಸ್: ಎಕ್ಸೆಪ್ಶನ್ ಕಟ್ಟುವಾಗ ನೀವು ಏನೇನು ಕೊಟ್ಟಿರೋ ಅದೆಲ್ಲ ಆ ಟಪಲ್‌ಗೆ ಬೀಳುತ್ತಿತ್ತು. ಒಬ್ಬರು ಬರೀ ವಾಕ್ಯ ಕೊಡುತ್ತಿದ್ದರು, ಇನ್ನೊಬ್ಬರು ನಂಬರ್ ಮತ್ತು ವಾಕ್ಯ, ಮತ್ತೊಬ್ಬರು ಮೂರು ಆಬ್ಜೆಕ್ಟ್. ಹಿಡಿಯುವವರು ಸೊನ್ನೆಯನೇ ಸ್ಥಾನದಲ್ಲಿ ಏನಿದೆ, ಒಂದನೇ ಸ್ಥಾನದಲ್ಲಿ ಏನಿದೆ ಅಂತ ಬಾಯಿಪಾಠ ಮಾಡಿಕೊಳ್ಳಬೇಕು. ಸಾಲದ್ದಕ್ಕೆ ಪೈಥಾನ್ 2ರಲ್ಲಿ ಎಕ್ಸೆಪ್ಶನ್‌ಗೇ ನೇರವಾಗಿ ಇಂಡೆಕ್ಸ್ ಹಾಕಬಹುದಿತ್ತು, ಅಂದರೆ ‘ಇ’ ಬರೆದು ಚೌಕ ಬ್ರಾಕೆಟ್‌ನಲ್ಲಿ ಸೊನ್ನೆ ಬರೆದರೆ ಮೊದಲ ಆರ್ಗ್ಯುಮೆಂಟ್ ಕೈಗೆ ಬರುತ್ತಿತ್ತು. ನಿಮ್ಮ ಹಳೇ ಕೋಡ್‌ನಲ್ಲಿ ಅಂಥದ್ದೂ ಇರಬಹುದು, ಹುಡುಕಿ ನೋಡಿ. 3ರಲ್ಲಿ ಅದೂ ಇಲ್ಲ.

ಇದನ್ನು ಸರಿಮಾಡೋಣ ಅಂತ ಹೊರಟದ್ದು ಪೆಪ್ 352 (ಪೆಪ್ ಅಂದರೆ ಪೈಥಾನ್ ಬದಲಾವಣೆಗೆ ಬರೆಯುವ ಪ್ರಸ್ತಾವ). ಬರೆದವರು ಬ್ರೆಟ್ ಕ್ಯಾನನ್ ಮತ್ತು ಪೈಥಾನ್ ಹುಟ್ಟುಹಾಕಿದ ಗೀಡೊ ವಾನ್ ರೋಸಮ್. ಅದರಲ್ಲಿ ಹಲವು ಒಳ್ಳೆಯ ಕೆಲಸಗಳಿದ್ದವು. ಬೇಸ್‌ಎಕ್ಸೆಪ್ಶನ್ (ಎಲ್ಲ ಎಕ್ಸೆಪ್ಶನ್‌ಗಳ ಮೂಲ ಕ್ಲಾಸ್) ಬಂದದ್ದು ಅದರಿಂದಲೇ, ಬರೀ ಸ್ಟ್ರಿಂಗ್ ಅನ್ನು ಎಕ್ಸೆಪ್ಶನ್ ಥರ ಎಸೆಯುವ ಹಳೇ ಚಾಳಿಗೆ ಬಾಗಿಲು ಹಾಕಿದ್ದೂ ಅದರಿಂದಲೇ. ಜತೆಗೆ ಇನ್ನೊಂದು ಆಸೆ ಇತ್ತು: ಎಕ್ಸೆಪ್ಶನ್‌ಗೆ ಒಂದೇ ಆರ್ಗ್ಯುಮೆಂಟ್ ಇರಲಿ, ಅದರ ಹೆಸರು ಮೆಸೇಜ್ ಆಗಿರಲಿ, ಉಳಿದ ಮಾಹಿತಿ ಬೇಕಾದವರು ತಮ್ಮ ಕ್ಲಾಸ್‌ನಲ್ಲಿ ಹೆಸರಿಟ್ಟ ಆಟ್ರಿಬ್ಯೂಟ್ ಮಾಡಿಕೊಳ್ಳಲಿ, ಆರ್ಗ್ಸ್ ಮೆಲ್ಲಗೆ ಹೋಗಲಿ. ಕೇಳಲಿಕ್ಕೆ ಚೆನ್ನಾಗಿದೆ, ಅಲ್ವಾ? ನನಗೂ ಇದು ಸರಿ ಅನ್ನಿಸುತ್ತದೆ.

ಆದರೆ 2007ರ ಪೈಕಾನ್ ಸಮ್ಮೇಳನದಲ್ಲಿ ಒಟ್ಟಿಗೆ ಕೂತು ಕೋಡ್ ಬರೆಯುವ ಸ್ಪ್ರಿಂಟ್‌ನಲ್ಲಿ 3.0ಗಾಗಿ ಆರ್ಗ್ಸ್ ಅನ್ನು ನಿಜವಾಗಿ ಕಿತ್ತು ನೋಡಲು ಕೂತಾಗ ಗೊತ್ತಾಯ್ತು, ಅದು ಬೇರು ಬಿಟ್ಟ ಮರ ಅಂತ. ಅದರಲ್ಲೂ ಸಿ ಭಾಷೆಯಲ್ಲಿ ಬರೆದ ಎಕ್ಸ್‌ಟೆನ್ಶನ್‌ಗಳಿಗೆ ಈ ಬದಲಾವಣೆ ತುಂಬಾ ನೋವು ಕೊಡುವಂತಿತ್ತು. ಕೊನೆಗೆ ತೀರ್ಮಾನ ತಿರುಗಾಮುರುಗಾ ಆಯ್ತು: ಹೋಗಬೇಕಿದ್ದ ಆರ್ಗ್ಸ್ ಉಳಿಯಿತು, ಹೊಸದಾಗಿ ಬಂದ ಮೆಸೇಜ್ ಹೋಯಿತು. 2.6ರಲ್ಲಿ ಅದನ್ನು ಬಳಸಬೇಡಿ ಅಂತ ಎಚ್ಚರಿಕೆ ಬಂತು, 2008ರ ಕೊನೆಗೆ ಬಂದ 3.0ರಲ್ಲಿ ಅದು ಇರಲೇ ಇಲ್ಲ. ಮಧ್ಯದಲ್ಲಿ ಸಿಕ್ಕ ಆ ಕೆಲವು ವರ್ಷಗಳಲ್ಲಿ ಕೋಡ್ ಬರೆದವರು ‘ಇ.ಮೆಸೇಜ್’ ರೂಢಿ ಮಾಡಿಕೊಂಡರು. ನಿಮ್ಮ ಪ್ರೋಗ್ರಾಮ್ ಆ ಕಾಲದ ಕೂಸು.

ಟೆಸ್ಟ್‌ನಲ್ಲಿ ಯಾಕೆ ಸಿಗಲಿಲ್ಲ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎರರ್ ಹಿಡಿಯುವ ಬ್ಲಾಕ್‌ಗೆ ಟೆಸ್ಟ್ ಬರೆಯುವವರು ಕಡಿಮೆ. ಎಲ್ಲ ಸರಿ ಇದ್ದಾಗ ಆ ಸಾಲು ಓಡುವುದೇ ಇಲ್ಲ, ಆಟ್ರಿಬ್ಯೂಟ್ ಇದೆಯೋ ಇಲ್ಲವೋ ಅನ್ನೋದು ಆ ಸಾಲು ಓಡಿದಾಗ ಮಾತ್ರ ಗೊತ್ತಾಗುತ್ತದೆ. ಒಂದೇ ಸಮಾಧಾನ ಅಂದರೆ ಪೈಥಾನ್ 3 ಮೊದಲ ಎರರ್ ಅನ್ನು ನುಂಗಿಹಾಕುವುದಿಲ್ಲ. ಎರಡನೆಯದರ ಜತೆ ಕಟ್ಟಿ ಎರಡನ್ನೂ ತೋರಿಸುತ್ತದೆ. ಟ್ರೇಸ್‌ಬ್ಯಾಕ್‌ನಲ್ಲಿ (ಎರರ್ ಯಾವ ಯಾವ ಸಾಲಿನಿಂದ ಬಂತು ಅಂತ ತೋರಿಸುವ ಪಟ್ಟಿ) ಮೇಲೆ ಇರುವುದೇ ನಿಮ್ಮ ನಿಜವಾದ ತೊಂದರೆ, ಅದನ್ನು ಓದಿ.

ಪ್ರಶ್ನೆ: ನಾನು ವ್ಯಾಲ್ಯೂಎರರ್ ಎಸೆಯುವಾಗ ‘ತಪ್ಪು ಅಳತೆ: %s’ ಅಂತ ವಾಕ್ಯ ಬರೆದು, ಕಾಮಾ ಹಾಕಿ, ಪಕ್ಕದಲ್ಲಿ ಅಳತೆಯನ್ನು ಕೊಟ್ಟೆ. ಲಾಗಿಂಗ್‌ನಲ್ಲಿ ಹೀಗೇ ಬರೆಯುತ್ತೇವಲ್ಲ. ಆದರೆ ಪರದೆ ಮೇಲೆ ಬ್ರಾಕೆಟ್, ಕೋಟ್, %s ಎಲ್ಲ ಹಾಗೇ ಬಂದವು. ಬಗ್ಗಾ?

ಉತ್ತರ: ಬಗ್ ಅಲ್ಲ, ರೂಢಿಯ ಎಡವಟ್ಟು. ಲಾಗಿಂಗ್ ಫಂಕ್ಷನ್‌ಗಳು ವಾಕ್ಯ ಮತ್ತು ಬೆಲೆಗಳನ್ನು ಬೇರೆ ಬೇರೆ ಇಸಿದುಕೊಂಡು ಆಮೇಲೆ ತಾವೇ ಜೋಡಿಸುತ್ತವೆ. ಎಕ್ಸೆಪ್ಶನ್ ಜೋಡಿಸುವುದಿಲ್ಲ. ಕೊಟ್ಟದ್ದನ್ನು ಸುಮ್ನೆ ಆರ್ಗ್ಸ್‌ನಲ್ಲಿ ಇಟ್ಟುಕೊಳ್ಳುತ್ತದೆ. ಆಮೇಲೆ ಅದನ್ನು ಸ್ಟ್ರಿಂಗ್ ಮಾಡಿದಾಗ ನಿಯಮ ಇಷ್ಟೇ: ಆರ್ಗ್ಯುಮೆಂಟ್ ಏನೂ ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್, ಒಂದೇ ಇದ್ದರೆ ಅದರ ಸ್ಟ್ರಿಂಗ್, ಒಂದಕ್ಕಿಂತ ಜಾಸ್ತಿ ಇದ್ದರೆ ಇಡೀ ಟಪಲ್‌ನ ಸ್ಟ್ರಿಂಗ್. ನಿಮಗೆ ಕಂಡದ್ದು ಈ ಮೂರನೆಯದು. ಎಫ್-ಸ್ಟ್ರಿಂಗ್ (ಬೆಲೆಗಳನ್ನು ಒಳಗೇ ಸೇರಿಸಿ ಬರೆಯುವ ಸ್ಟ್ರಿಂಗ್) ಬಳಸಿ ವಾಕ್ಯವನ್ನು ನೀವೇ ಪೂರ್ತಿ ಮಾಡಿ ಕೊಡಿ.

ಪ್ರಶ್ನೆ: ಕೀಎರರ್ ಹಿಡಿದು ಬಳಕೆದಾರರಿಗೆ ತೋರಿಸಿದರೆ ವಾಕ್ಯದ ಸುತ್ತ ಕೋಟ್ ಬರುತ್ತದೆ. ಬೇರೆ ಯಾವ ಎರರ್‌ಗೂ ಹೀಗಿಲ್ಲ. ಇದೊಂದಕ್ಕೆ ಯಾಕೆ ಈ ಮರ್ಯಾದೆ?

ಉತ್ತರ: ಮೇಲೆ ಹೇಳಿದ ನಿಯಮಕ್ಕೆ ಕೀಎರರ್ ಒಂದು ಅಪವಾದ. ಒಂದೇ ಆರ್ಗ್ಯುಮೆಂಟ್ ಇದ್ದಾಗ ಅದು ‘ಸ್ಟ್ರ್’ ಬದಲು ‘ರೆಪ್ರ್’ (ಕೋಡ್‌ನಲ್ಲಿ ಬರೆಯುವ ರೂಪ, ಸ್ಟ್ರಿಂಗ್ ಆದರೆ ಕೋಟ್ ಸಮೇತ) ತೋರಿಸುತ್ತದೆ. ಕಾರಣ ನ್ಯಾಯವಾದದ್ದೇ. ಡಿಕ್ಷನರಿಯಲ್ಲಿ ಖಾಲಿ ಸ್ಟ್ರಿಂಗ್ ಅನ್ನೋ ಕೀ ಹುಡುಕಿ, ಅದು ಇಲ್ಲ ಅಂದುಕೊಳ್ಳಿ. ಬರೀ ಸ್ಟ್ರಿಂಗ್ ತೋರಿಸಿದರೆ ‘ಕೀಎರರ್:’ ಅಂತ ಬಂದು ಮುಂದೆ ಏನೂ ಇರುವುದಿಲ್ಲ, ನೋಡಿದವರು ತಲೆ ಕೆರೆದುಕೊಳ್ಳಬೇಕು. ಕೋಟ್ ಇದ್ದರೆ ಖಾಲಿ ಅಂತ ತಿಳಿಯುತ್ತದೆ. ಒಂದು ಅಂಕಿ 5 ಮತ್ತು ‘5’ ಅನ್ನೋ ಸ್ಟ್ರಿಂಗ್ ನಡುವಿನ ವ್ಯತ್ಯಾಸವೂ ಗೊತ್ತಾಗುತ್ತದೆ. ಇದರಿಂದ ಕೀ ಬದಲು ವಾಕ್ಯ ಕೊಟ್ಟರೆ ಅದಕ್ಕೂ ಕೋಟ್ ಅಂಟಿಕೊಳ್ಳುತ್ತದೆ ಅನ್ನೋದು ಪೈಥಾನ್ ಬರೆದವರಿಗೂ ಗೊತ್ತಿತ್ತು. ಪೈಥಾನ್‌ನ ಸಿ ಕೋಡ್‌ನಲ್ಲಿ ಆ ಜಾಗದ ಟಿಪ್ಪಣಿ ಇದನ್ನು ಒಪ್ಪಿಕೊಂಡು, ‘ಏನು ಮಾಡೋದು’ ಅನ್ನೋ ಧಾಟಿಯಲ್ಲಿ ಕೈತೊಳೆದುಕೊಳ್ಳುತ್ತದೆ!

ನನ್ನ ಸಲಹೆ: ಕೀಎರರ್ ಒಳಗೆ ಕೀ ಮಾತ್ರ ಇಡಿ, ವಾಕ್ಯ ಬೇಡ. ಹಿಡಿದವರು ಆರ್ಗ್ಸ್‌ನ ಮೊದಲನೆಯದನ್ನು ತೆಗೆದು ತಮ್ಮ ವಾಕ್ಯ ತಾವು ಕಟ್ಟಿಕೊಳ್ಳಲಿ.

ಪ್ರಶ್ನೆ: ಮೇಡಂ ಅಥವಾ ಸರ್ (ಅಂಕಣದಲ್ಲಿ ಹೆಸರಿಲ್ಲ, ಕ್ಷಮಿಸಿ), ನಾನು ಒಂದು ಚಿಕ್ಕ ಲೈಬ್ರರಿ ನೋಡಿಕೊಳ್ಳುತ್ತೇನೆ. ಅದರ ಎಕ್ಸೆಪ್ಶನ್ ಈಗ ಮೂರು ಆರ್ಗ್ಯುಮೆಂಟ್ ಒಯ್ಯುತ್ತದೆ: ಕೋಡ್, ವಾಕ್ಯ, ವಿವರದ ಡಿಕ್ಷನರಿ. ಬಳಸುವವರು ಆರ್ಗ್ಸ್‌ನ ಸೊನ್ನೆ, ಒಂದು, ಎರಡು ಅಂತ ಎಣಿಸುತ್ತಾರೆ. ಇದನ್ನು ಹೆಸರಿಟ್ಟ ಆಟ್ರಿಬ್ಯೂಟ್‌ಗಳಿಗೆ ಬದಲಾಯಿಸಬೇಕು ಅಂತ ಆಸೆ. ಯಾರ ಕೋಡೂ ಮುರಿಯಬಾರದು. ಆಗುತ್ತಾ?

ಉತ್ತರ: ಮೇಡಂ ಅಂತಲೇ ಇಟ್ಟುಕೊಳ್ಳಿ. ಆಗುತ್ತದೆ, ಆದರೆ ಒಂದೇ ರಾತ್ರಿಯಲ್ಲಿ ಅಲ್ಲ. ನಿಮ್ಮ ಆಸೆ ಸರಿಯಾದ್ದೇ ಅನ್ನೋದಕ್ಕೆ ನನ್ನದೇ ಒಂದು ಪೆಟ್ಟಿನ ಕಥೆ ಹೇಳುತ್ತೇನೆ. ಹಿಂದೆ ಒಂದು ಪ್ರೋಗ್ರಾಮ್‌ನಲ್ಲಿ, ನೆಟ್‌ವರ್ಕ್ ತಡವಾದರೆ ಮತ್ತೆ ಪ್ರಯತ್ನಿಸು, ಬೇರೆ ಎರರ್ ಆದರೆ ನಿಲ್ಲಿಸು ಅಂತ ಬರೆದಿದ್ದೆ. ತಡವಾದದ್ದು ಅಂತ ಹೇಗೆ ಗುರುತಿಸಿದೆ? ಎರರ್ ವಾಕ್ಯದಲ್ಲಿ ‘ಟೈಮ್ಡ್ ಔಟ್’ ಅನ್ನೋ ಪದ ಇದೆಯಾ ಅಂತ ಹುಡುಕಿ. ಲೈಬ್ರರಿಯವರು ಮುಂದಿನ ಆವೃತ್ತಿಯಲ್ಲಿ ವಾಕ್ಯವನ್ನು ಸ್ವಲ್ಪ ಚೆಂದ ಮಾಡಿದರು, ಅಷ್ಟೇ. ನನ್ನ ಪ್ರೋಗ್ರಾಮ್ ಮರುಪ್ರಯತ್ನ ನಿಲ್ಲಿಸಿತು, ರಾತ್ರಿಯೆಲ್ಲ ಓಡಬೇಕಿದ್ದ ಕೆಲಸ ಹತ್ತೇ ನಿಮಿಷಕ್ಕೆ ಮಲಗಿತು. ಅವರದ್ದೇನೂ ತಪ್ಪಿರಲಿಲ್ಲ. ವಾಕ್ಯ ಮನುಷ್ಯರಿಗೆ ಬರೆದದ್ದು, ಅದನ್ನು ಯಾವಾಗ ಬೇಕಾದರೂ ತಿದ್ದಬಹುದು. ಪ್ರೋಗ್ರಾಮ್ ಕೈಗೆ ಅದನ್ನು ಕೊಟ್ಟವಳು ನಾನು. ಆದರೆ ಆ ಎಕ್ಸೆಪ್ಶನ್‌ನಲ್ಲಿ ವಾಕ್ಯ ಬಿಟ್ಟು ಬೇರೇನೂ ಇರಲಿಲ್ಲ, ನಾನಾದರೂ ಇನ್ನೇನು ನೋಡಬೇಕಿತ್ತು?

ಪೈಥಾನ್ ತನ್ನ ಸ್ವಂತ ಮನೆಯಲ್ಲಿ ಇದೇ ಕೆಲಸ ಮಾಡಿದ್ದನ್ನು ನೋಡಿ, ನಿಮಗೆ ದಾರಿ ಸಿಗುತ್ತದೆ. ಫೈಲ್ ಸಿಗಲಿಲ್ಲ ಅಂತ ತಿಳಿಯಲು ಮೊದಲು ಐಓಎರರ್ ಅಥವಾ ಓಎಸ್‌ಎರರ್ ಹಿಡಿದು, ಅದರ ‘ಎರ್‌ನೋ’ ನಂಬರನ್ನು ಈನೋಎಂಟ್ (‘ಅಂಥ ಫೈಲ್ ಇಲ್ಲ’ ಅನ್ನೋದರ ಕೋಡ್) ಜತೆ ಹೋಲಿಸಬೇಕಿತ್ತು. 2012ರಲ್ಲಿ 3.3 ಬಂದಾಗ, ಆಂಟ್ವಾನ್ ಪಿತ್ರು ಬರೆದ ಪೆಪ್ 3151ರ ಪ್ರಕಾರ, ಫೈಲ್‌ನಾಟ್‌ಫೌಂಡ್‌ಎರರ್, ಪರ್ಮಿಶನ್‌ಎರರ್, ಟೈಮ್‌ಔಟ್‌ಎರರ್ ಥರದ ಹೆಸರುಳ್ಳ ಕ್ಲಾಸ್‌ಗಳು ಬಂದವು. ಹಳಬರ ಗತಿ? ಐಓಎರರ್ ಅನ್ನೋದು ಓಎಸ್‌ಎರರ್‌ನ ಇನ್ನೊಂದು ಹೆಸರಾಗಿ ಉಳಿಯಿತು, ಹೊಸ ಕ್ಲಾಸ್‌ಗಳೆಲ್ಲ ಓಎಸ್‌ಎರರ್‌ನ ಮಕ್ಕಳಾದವು. ಹಾಗಾಗಿ ಹಳೇ ‘ಎಕ್ಸೆಪ್ಟ್’ ಸಾಲುಗಳು ಹಾಗೇ ಹಿಡಿಯುತ್ತಲೇ ಇದ್ದವು. ನೀವು ಹಳೇ ರೀತಿ ಓಎಸ್‌ಎರರ್ ಕರೆದು ಮೊದಲ ಆರ್ಗ್ಯುಮೆಂಟ್ ಆಗಿ ಈನೋಎಂಟ್, ಎರಡನೆಯದಾಗಿ ವಾಕ್ಯ ಕೊಟ್ಟರೆ, ವಾಪಸ್ ಬರುವುದು ಫೈಲ್‌ನಾಟ್‌ಫೌಂಡ್‌ಎರರ್!

ಇನ್ನೂ ಒಂದು ಸೂಕ್ಷ್ಮ ಇದೆ, ನನಗೆ ತುಂಬಾ ಇಷ್ಟವಾದದ್ದು. ಓಎಸ್‌ಎರರ್‌ಗೆ ನಂಬರ್, ವಾಕ್ಯ, ಫೈಲ್ ಹೆಸರು ಅಂತ ಮೂರು ಕೊಟ್ಟರೂ ಆರ್ಗ್ಸ್‌ನಲ್ಲಿ ಎರಡೇ ಇರುತ್ತವೆ. ಫೈಲ್ ಹೆಸರು ‘ಫೈಲ್‌ನೇಮ್’ ಆಟ್ರಿಬ್ಯೂಟ್‌ನಲ್ಲಿ ಮಾತ್ರ. ಯಾಕೆಂದರೆ ಹಿಂದಿನವರು ಆರ್ಗ್ಸ್ ಅನ್ನು ಎರಡು ವೇರಿಯಬಲ್‌ಗಳಿಗೆ ಬಿಡಿಸಿಕೊಳ್ಳುತ್ತಿದ್ದರು, ಮೂರನೆಯದು ಸೇರಿದರೆ ಆ ಕೋಡ್ ಮುರಿಯುತ್ತದೆ. ಅಂದರೆ ಹೊಸ ಮಾಹಿತಿಗೆ ಹೊಸ ಹೆಸರು ಕೊಟ್ಟರು, ಹಳೇ ಟಪಲ್‌ನ ಉದ್ದ ಮುಟ್ಟಲಿಲ್ಲ. ನೀವೂ ಹಾಗೇ ಮಾಡಿ.

ಮೊದಲ ಬಿಡುಗಡೆಯಲ್ಲಿ ಕೋಡ್, ವಾಕ್ಯ, ವಿವರ ಈ ಮೂರಕ್ಕೂ ಆಟ್ರಿಬ್ಯೂಟ್ ಸೇರಿಸಿ. ಆರ್ಗ್ಸ್ ಇದ್ದ ಹಾಗೇ ಇರಲಿ, ಅದೇ ಕ್ರಮ, ಅದೇ ಉದ್ದ. ನಿಮ್ಮ ಡಾಕ್ಯುಮೆಂಟೇಶನ್‌ನಲ್ಲಿ ಆರ್ಗ್ಸ್ ಇರುವ ಉದಾಹರಣೆಗಳನ್ನೆಲ್ಲ ತೆಗೆದು ಹೊಸ ಹೆಸರು ಹಾಕಿ. ಜನ ಉದಾಹರಣೆಯನ್ನೇ ನಕಲು ಮಾಡುತ್ತಾರೆ, ಎಚ್ಚರಿಕೆ ಓದುವುದಿಲ್ಲ. ಕೋಡ್ ನೋಡಿ ಬೇರೆ ಬೇರೆ ದಾರಿ ಹಿಡಿಯುವವರು ಇದ್ದಾರೆ ಅಂದರೆ ಆ ಕೋಡ್‌ಗಳಿಗೆ ಒಂದೊಂದು ಕ್ಲಾಸೇ ಮಾಡಿ, ಎಲ್ಲವೂ ಹಳೇ ಕ್ಲಾಸ್‌ನ ಮಕ್ಕಳಾಗಿರಲಿ. ಯಾವುದಾದರೂ ಹಳೇ ಹೆಸರನ್ನು ನಿಜವಾಗಿಯೂ ತೆಗೆಯಬೇಕಿದ್ದರೆ ಅದನ್ನು ಪ್ರಾಪರ್ಟಿ ಮಾಡಿ, ಮುಟ್ಟಿದಾಗ ಡೆಪ್ರಿಕೇಶನ್‌ವಾರ್ನಿಂಗ್ (ಇದು ಮುಂದೆ ಹೋಗಲಿದೆ ಅನ್ನೋ ಎಚ್ಚರಿಕೆ) ಕೊಡಿ, ‘ಸ್ಟ್ಯಾಕ್‌ಲೆವೆಲ್’ 2 ಇಡಲು ಮರೆಯಬೇಡಿ. ಇಲ್ಲದಿದ್ದರೆ ಎಚ್ಚರಿಕೆ ನಿಮ್ಮ ಲೈಬ್ರರಿಯ ಸಾಲನ್ನು ತೋರಿಸುತ್ತದೆ, ಬಳಸಿದವರ ಸಾಲನ್ನಲ್ಲ. ಈ ಎಚ್ಚರಿಕೆ ಮಾಮೂಲಾಗಿ ಎಲ್ಲರಿಗೂ ಕಾಣಿಸುವುದಿಲ್ಲ ಅನ್ನೋದೂ ನೆನಪಿರಲಿ. 3.7ರಿಂದ, ನೇರವಾಗಿ ಓಡಿಸಿದ ಮುಖ್ಯ ಫೈಲ್‌ನ ಕೋಡ್‌ನಿಂದ ಬಂದದ್ದು ಕಾಣುತ್ತದೆ, ಇಂಪೋರ್ಟ್ ಆದ ಮಾಡ್ಯೂಲ್‌ಗಳದ್ದು ಮುಚ್ಚಿರುತ್ತದೆ. ಅದಕ್ಕೇ ಒಂದು ಬಿಡುಗಡೆಯಲ್ಲಿ ಎಚ್ಚರಿಸಿ ಮುಂದಿನದರಲ್ಲೇ ಕಿತ್ತರೆ ಅರ್ಧ ಜನಕ್ಕೆ ಎಚ್ಚರಿಕೆ ಮುಟ್ಟಿಯೇ ಇರುವುದಿಲ್ಲ.

ಆರ್ಗ್ಸ್ ಅನ್ನೇ ತೆಗೆಯುವ ಯೋಚನೆ ಮಾತ್ರ ಬೇಡ. ಭಾಷೆ ಮಾಡಿದವರಿಂದಲೇ ಆಗಲಿಲ್ಲ.

ಪ್ರಶ್ನೆ: ನನ್ನ ಸ್ವಂತ ಎಕ್ಸೆಪ್ಶನ್ ಕ್ಲಾಸ್‌ಗೆ ‘ಇನಿಟ್’ನಲ್ಲಿ ಐಡಿ ಮತ್ತು ಕಾರಣ ಎರಡು ಆರ್ಗ್ಯುಮೆಂಟ್. ಒಳಗೆ ಚೆಂದದ ಒಂದು ವಾಕ್ಯ ಕಟ್ಟಿ ‘ಸೂಪರ್’ಗೆ (ಮೂಲ ಕ್ಲಾಸ್‌ನ ಇನಿಟ್‌ಗೆ) ಅದನ್ನು ಮಾತ್ರ ಕೊಡುತ್ತೇನೆ. ಒಂದೇ ಪ್ರೋಸೆಸ್‌ನಲ್ಲಿ ಸರಿಯಾಗಿದೆ. ಮಲ್ಟಿಪ್ರೊಸೆಸಿಂಗ್ ಪೂಲ್ (ಕೆಲಸ ಹಂಚಿಕೊಳ್ಳುವ ಹಲವು ಪ್ರೋಸೆಸ್‌ಗಳ ಗುಂಪು) ಬಳಸಿದ ದಿನ ಪ್ರೋಗ್ರಾಮ್ ಹಾಗೇ ನಿಂತುಬಿಟ್ಟಿತು. ಎರರ್ ಕೂಡ ಸರಿಯಾಗಿ ತೋರಿಸುವುದಿಲ್ಲ. ಎರಡು ದಿನ ಹೋಯ್ತು.

ಉತ್ತರ: ಎರಡೇ ದಿನಕ್ಕೆ ಬರೆದಿರಿ, ಪುಣ್ಯ. ಇಲ್ಲಿ ಆರ್ಗ್ಸ್ ತನ್ನ ನಿಜವಾದ ಕೆಲಸ ತೋರಿಸುತ್ತದೆ. ಬೇರೆ ಪ್ರೋಸೆಸ್‌ನಲ್ಲಿ ಹುಟ್ಟಿದ ಎಕ್ಸೆಪ್ಶನ್ ನಿಮ್ಮ ಹತ್ತಿರ ಬರಬೇಕಾದರೆ ಅದನ್ನು ಪಿಕಲ್ ಮಾಡಿ (ಬೈಟ್‌ಗಳ ಗಂಟು ಕಟ್ಟಿ) ಕಳಿಸುತ್ತಾರೆ. ಈ ಕಡೆ ಬಿಚ್ಚುವಾಗ ಪೈಥಾನ್ ಮಾಡುವುದು ಇಷ್ಟು: ಕ್ಲಾಸ್ ತೆಗೆದುಕೊಂಡು, ಆರ್ಗ್ಸ್‌ನಲ್ಲಿ ಇರುವುದನ್ನೆಲ್ಲ ಕೊಟ್ಟು ಮತ್ತೆ ಕರೆಯುತ್ತದೆ. ನಿಮ್ಮ ಆರ್ಗ್ಸ್‌ನಲ್ಲಿ ಇರುವುದು ಏನು? ಸೂಪರ್‌ಗೆ ಕೊಟ್ಟ ಒಂದು ವಾಕ್ಯ. ನಿಮ್ಮ ಇನಿಟ್ ಕೇಳುವುದು ಎರಡು. ಎರಡನೆಯದು ಎಲ್ಲಿ ಅಂತ ಟೈಪ್‌ಎರರ್ ಬರುತ್ತದೆ, ಅದೂ ಪೂಲ್‌ನ ಒಳಗೆ ಫಲಿತಾಂಶ ಇಸಿದುಕೊಳ್ಳುವ ಥ್ರೆಡ್‌ನಲ್ಲಿ. ಆ ಥ್ರೆಡ್ ಸತ್ತರೆ ಉತ್ತರ ತರುವವರೇ ಇಲ್ಲ, ನೀವು ಕಾಯುತ್ತಾ ಕೂತಿರಬೇಕು.

ಸರಿಮಾಡುವುದು ಸುಲಭ. ಸೂಪರ್‌ಗೆ ವಾಕ್ಯ ಕೊಡಬೇಡಿ, ಐಡಿ ಮತ್ತು ಕಾರಣ ಎರಡನ್ನೂ ಅದೇ ಕ್ರಮದಲ್ಲಿ ಕೊಡಿ. ಅವನ್ನೇ ಆಟ್ರಿಬ್ಯೂಟ್‌ಗಳಲ್ಲೂ ಇಟ್ಟುಕೊಳ್ಳಿ. ಚೆಂದದ ವಾಕ್ಯವನ್ನು ನಿಮ್ಮದೇ ‘ಸ್ಟ್ರ್’ ಮೆಥಡ್ ಬರೆದು ಅಲ್ಲಿ ಕಟ್ಟಿ. ಆಗ ಓದುವವರಿಗೆ ವಾಕ್ಯ, ಪ್ರೋಗ್ರಾಮ್‌ಗೆ ಆಟ್ರಿಬ್ಯೂಟ್, ಪಿಕಲ್‌ಗೆ ಆರ್ಗ್ಸ್, ಮೂವರಿಗೂ ಅವರವರದು ಸಿಗುತ್ತದೆ. ನಾನು ಆರ್ಗ್ಸ್ ಅನ್ನು ಈಗ ಹೀಗೇ ನೋಡುವುದು: ಆ ಆಬ್ಜೆಕ್ಟನ್ನು ಮತ್ತೆ ಕಟ್ಟುವ ಸಾಮಾನು ಪಟ್ಟಿ, ಅಷ್ಟೇ.

ಇನ್ನೊಂದು ಮೋಸ ಇದೆ. ಸೂಪರ್ ಕರೆಯಲು ಮರೆತರೂ ಕೆಲವೊಮ್ಮೆ ಎಲ್ಲ ಸರಿಯಾಗೇ ನಡೆಯುತ್ತದೆ, ಯಾಕೆಂದರೆ ಬೇಸ್‌ಎಕ್ಸೆಪ್ಶನ್‌ನ ‘ನ್ಯೂ’ (ಆಬ್ಜೆಕ್ಟ್ ಹುಟ್ಟಿಸುವ ಮೆಥಡ್) ಮೊದಲೇ ಆರ್ಗ್ಸ್ ತುಂಬಿಸಿರುತ್ತದೆ. ಆದರೆ ಅದು ಹೆಸರಿಲ್ಲದೆ ಕೊಟ್ಟವನ್ನು ಮಾತ್ರ ತುಂಬಿಸುತ್ತದೆ. ಯಾರೋ ಒಬ್ಬರು ಹೆಸರು ಹಾಕಿ, ‘ಐಡಿ=7’ ಅಂತ ಕರೆದರೆ ಆರ್ಗ್ಸ್ ಖಾಲಿ, ಮತ್ತೆ ಅದೇ ಕಥೆ. ಹಾಗಾಗಿ ಸೂಪರ್ ಕರೆಯಿರಿ. ನಿಮ್ಮ ಪ್ರತಿ ಎಕ್ಸೆಪ್ಶನ್ ಕ್ಲಾಸ್‌ಗೂ ಪಿಕಲ್ ಮಾಡಿ ಬಿಚ್ಚಿ ನೋಡುವ ಒಂದು ಟೆಸ್ಟ್ ಇರಲಿ, ಎರಡು ಸಾಲಿನ ಕೆಲಸ.

ಪ್ರಶ್ನೆ: ಕೆಳಗಿನ ಫಂಕ್ಷನ್‌ನಿಂದ ಬಂದ ಎರರ್‌ಗೆ ‘ಇದು ಫೈಲಿನ 40ನೇ ಸಾಲಿನಲ್ಲಿ ಆದದ್ದು’ ಅಂತ ಸೇರಿಸಬೇಕು. ಈಗ ಆರ್ಗ್ಸ್ ಅನ್ನೇ ತಿದ್ದಿ, ಮತ್ತೆ ರೇಸ್ ಮಾಡುತ್ತಿದ್ದೇನೆ. ತಪ್ಪಾ?

ಉತ್ತರ: ಹಿಂದೆ ಎಲ್ಲರೂ ಹೀಗೇ ಮಾಡಿದ್ದಾರೆ, ನಾನೂ ಮಾಡಿದ್ದೇನೆ. ಆದರೆ ನಿಮ್ಮದಲ್ಲದ ಎಕ್ಸೆಪ್ಶನ್‌ನ ಆರ್ಗ್ಸ್ ತಿದ್ದಿದರೆ ಮೇಲಿನವರ ಲೆಕ್ಕ ತಪ್ಪುತ್ತದೆ. ಯೂನಿಕೋಡ್‌ಡೀಕೋಡ್‌ಎರರ್‌ನಂಥದ್ದು ತನ್ನ ವಾಕ್ಯವನ್ನು ಆಟ್ರಿಬ್ಯೂಟ್‌ಗಳಿಂದ ಕಟ್ಟಿಕೊಳ್ಳುತ್ತದೆ, ಅಲ್ಲಿ ಆರ್ಗ್ಸ್ ತಿದ್ದಿದರೂ ನೀವು ಸೇರಿಸಿದ್ದು ಕಾಣಿಸುವುದೇ ಇಲ್ಲ. 2022ರಲ್ಲಿ ಬಂದ 3.11ರಲ್ಲಿ ಇದಕ್ಕೆಂದೇ ‘ಆಡ್ ನೋಟ್’ ಮೆಥಡ್ ಇದೆ. ಸ್ಟ್ರಿಂಗ್ ಕೊಡಿ, ಬರೀ ‘ರೇಸ್’ ಅಂತ ಮುಂದಕ್ಕೆ ಬಿಡಿ. ಟ್ರೇಸ್‌ಬ್ಯಾಕ್‌ನ ಕೆಳಗೆ ನಿಮ್ಮ ಟಿಪ್ಪಣಿ ಬರುತ್ತದೆ. ಆರ್ಗ್ಸ್ ಬದಲಾಗುವುದಿಲ್ಲ, ‘ಸ್ಟ್ರ್’ ಕೂಡ ಬದಲಾಗುವುದಿಲ್ಲ. ಲಾಗ್‌ನಲ್ಲಿ ಬರೀ ಎರರ್ ವಾಕ್ಯ ಬರೆಯುವವರಿಗೆ ಟಿಪ್ಪಣಿ ಸಿಗುವುದಿಲ್ಲ, ಪೂರ್ತಿ ಟ್ರೇಸ್‌ಬ್ಯಾಕ್ ಬರೆಯಬೇಕು.

ಪ್ರಶ್ನೆ: ಈ ಗೋಳು ಪೈಥಾನ್‌ಗೆ ಮಾತ್ರವಾ?

ಉತ್ತರ: ಅಲ್ಲ. ಜಾವಾದಲ್ಲಿ ಮೂಲ ಕ್ಲಾಸ್‌ಗೆ ಮೊದಲಿನಿಂದ ಒಂದು ಮೆಸೇಜ್, 1.4ರಿಂದ ಒಂದು ಕಾರಣ, ಉಳಿದದ್ದು ಬೇಕಾದರೆ ನಿಮ್ಮ ಕ್ಲಾಸ್‌ನಲ್ಲಿ ಫೀಲ್ಡ್. ಪೈಥಾನ್‌ನವರು ಹೋಗಲು ಬಯಸಿದ್ದು ಹೆಚ್ಚು ಕಡಿಮೆ ಅಲ್ಲಿಗೇ. ಜಾವಾಸ್ಕ್ರಿಪ್ಟ್‌ನಲ್ಲಿ ಮೆಸೇಜ್ ಇದ್ದೇ ಇತ್ತು, ‘ಕಾಸ್’ ಸೇರಿದ್ದು 2022ರ ಆವೃತ್ತಿಯಲ್ಲಿ. ಗೋ ಭಾಷೆಯಲ್ಲಿ ಎಕ್ಸೆಪ್ಶನ್ನೇ ಇಲ್ಲ, ಎರರ್ ಒಂದು ಬೆಲೆ. ಅಲ್ಲೂ ಜನ ಎರರ್ ವಾಕ್ಯವನ್ನು ಹೋಲಿಸಿ ಕೈಸುಟ್ಟುಕೊಂಡಿದ್ದರಿಂದ 2019ರ 1.13ರಲ್ಲಿ ‘ಎರರ್ಸ್.ಇಸ್’, ‘ಎರರ್ಸ್.ಆಸ್’ ಬಂದವು.

ಪ್ರಶ್ನೆ: ‘ಎಕ್ಸೆಪ್ಟ್’ ಬ್ಲಾಕ್ ಮುಗಿದ ಮೇಲೆ ಕೆಳಗಿನ ಸಾಲಿನಲ್ಲಿ ‘ಇ’ ಬಳಸಿದರೆ ನೇಮ್‌ಎರರ್. ಈಗ ತಾನೇ ಇತ್ತಲ್ಲ?

ಉತ್ತರ: ಪೈಥಾನ್ 3 ಬ್ಲಾಕ್ ಮುಗಿದ ಕೂಡಲೇ ಆ ಹೆಸರನ್ನು ಅಳಿಸುತ್ತದೆ. ಎಕ್ಸೆಪ್ಶನ್ ತನ್ನ ಟ್ರೇಸ್‌ಬ್ಯಾಕ್ ಹಿಡಿದುಕೊಂಡಿರುತ್ತದೆ, ಟ್ರೇಸ್‌ಬ್ಯಾಕ್ ಆ ಫಂಕ್ಷನ್‌ನ ವೇರಿಯಬಲ್‌ಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಅದರಲ್ಲಿ ‘ಇ’ ಕೂಡ ಇದ್ದರೆ ಒಂದು ಸುತ್ತು ಕಟ್ಟಿಕೊಂಡು ಮೆಮೊರಿ ಬೇಗ ಬಿಡುಗಡೆ ಆಗುವುದಿಲ್ಲ. ನಿಮಗೆ ಬೇಕಾದ್ದು ಕೋಡೋ ಫೈಲ್ ಹೆಸರೋ ಆಗಿದ್ದರೆ ಬ್ಲಾಕ್ ಒಳಗೇ ಅದನ್ನು ಮಾತ್ರ ಬೇರೆ ವೇರಿಯಬಲ್‌ಗೆ ತೆಗೆದಿಟ್ಟುಕೊಳ್ಳಿ. ಇಡೀ ಎಕ್ಸೆಪ್ಶನ್ನೇ ಬೇಕೆಂದರೆ ಬೇರೆ ಹೆಸರಿಗೆ ಕೊಡಿ, ಕೆಲಸ ಮುಗಿದ ಮೇಲೆ ನೀವೇ ಡಿಲೀಟ್ ಮಾಡಿ.